ರಾಶಿ, ಅನುಕ್ರಮ, ಛಿದ್ರ: ಗಣಕದ ದಾಖಲೆಗಳ ಒಳರಚನೆ

ಪೀಠಿಕೆ

ಶಾಲೆಯ ಕಚೇರಿಯಲ್ಲಿರುವ ದಾಖಲಾತಿ ವಹಿಯನ್ನು ನೋಡದ ಅಧ್ಯಾಪಕರಿಲ್ಲ. ಅದರಲ್ಲಿ ತನ್ನ ಹೆಸರಿಲ್ಲದ ಹಳೆಯ ವಿದ್ಯಾರ್ಥಿಯೂ ಇಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ. ಹೊಸದಾಗಿ ಸೇರಿದವರ ಹೆಸರು ಕೊನೆಯ ಸಾಲಿನ ಕೆಳಗೆ. ಎಷ್ಟೋ ವರ್ಷಗಳ ಹಿಂದೆ ಶಾಲೆ ಬಿಟ್ಟವರೊಬ್ಬರು ಜನ್ಮದಿನಾಂಕದ ದೃಢೀಕರಣಕ್ಕಾಗಿ ಬಂದು ತಮ್ಮ ದಾಖಲಾತಿ ಸಂಖ್ಯೆಯನ್ನು ಹೇಳಿದರೆ ಗುಮಾಸ್ತರು ಕ್ಷಣಮಾತ್ರದಲ್ಲಿ ಆ ಪುಟವನ್ನು ತೆರೆಯುತ್ತಾರೆ. ಸಂಖ್ಯೆ ನೆನಪಿಲ್ಲ, ಸೇರಿದ ವರ್ಷವೂ ಸರಿಯಾಗಿ ತಿಳಿಯದು, ಹೆಸರು ಮಾತ್ರ ಹೇಳಬಲ್ಲೆ ಎಂದರೆ, ವಹಿ ಅದೇ, ಗುಮಾಸ್ತರೂ ಅವರೇ, ಆದರೆ ಅರ್ಧ ದಿನ ಹಿಡಿಯುತ್ತದೆ. ವಹಿಯಲ್ಲಿ ದೋಷವಿಲ್ಲ, ಗುಮಾಸ್ತರಲ್ಲಿ ಆಲಸ್ಯವಿಲ್ಲ. ಕೇಳಿದ ಪ್ರಶ್ನೆಗೂ ವಹಿಯ ಜೋಡಣೆಗೂ ಹೊಂದಾಣಿಕೆ ಇಲ್ಲ, ಅಷ್ಟೆ.

ಇಂದು ಇಂತಹ ವಹಿಗಳು ಗಣಕವನ್ನು ಸೇರಿವೆ. ಅಲ್ಲಿಯೂ ಇದೇ ನಿಯಮ ನಡೆಯುತ್ತದೆ ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ನಾನೂ ಮರೆತಿದ್ದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ವಿದ್ಯಾಸಂಸ್ಥೆಯೊಂದರಲ್ಲಿ ಶುಲ್ಕದ ರಸೀದಿಗಳನ್ನೆಲ್ಲ ಗಣಕಕ್ಕೆ ಏರಿಸಿದ್ದರು. ಜೂನ್ ತಿಂಗಳ ಪ್ರವೇಶದ ಗದ್ದಲದಲ್ಲಿ ಒಂದು ಹಳೆಯ ರಸೀದಿಯನ್ನು ಹುಡುಕಿಸಲು ಪೋಷಕರು ಸಾಲಿನಲ್ಲಿ ನಿಂತು ಬೇಸತ್ತರು. ಆಡಳಿತ ಮಂಡಳಿಯವರು ಸಲಹೆ ಕೇಳಿದಾಗ, ಯಂತ್ರ ಹಳೆಯದಾಗಿದೆ, ಹೊಸದನ್ನು ಕೊಳ್ಳುವುದು ಒಳ್ಳೆಯದು ಎಂದವರಲ್ಲಿ ನಾನೂ ಒಬ್ಬ. ದಾನಿಗಳು ಹಣ ಕೊಟ್ಟರು. ಹೊಸ ಯಂತ್ರ ಬಂದಿತು. ಮುಂದಿನ ವರ್ಷದ ಜೂನ್ ವೇಳೆಗೆ ಹಳೆಯ ವ್ಯಾಧಿಯೂ ಮರಳಿ ಬಂದಿತು. ಆ ಯಂತ್ರದೊಳಗೆ ದಾಖಲೆಗಳು ಯಾವ ಬಗೆಯಲ್ಲಿ ಕುಳಿತಿವೆ ಎಂಬುದನ್ನು ನಾನು ನೋಡಿದ್ದು ಆಮೇಲೆ, ನೋಡಬೇಕಾಗಿದ್ದದ್ದು ಮೊದಲು. ಆ ತಪ್ಪಿನಿಂದ ಕಲಿತುದನ್ನು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಇಡುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಕೋಷ್ಟಕವೂ ಪುಟವೂ

ಗಣಕದಲ್ಲಿ ದಾಖಲೆಗಳನ್ನು ಕೋಷ್ಟಕಗಳ ರೂಪದಲ್ಲಿ ಇಡುವ ಪದ್ಧತಿಗೆ ತಾತ್ವಿಕ ತಳಹದಿಯನ್ನು ಹಾಕಿದವನು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಈತ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಶಾಸ್ತ್ರದ ದಿಕ್ಕನ್ನೇ ಬದಲಾಯಿಸಿತು. 1981ರಲ್ಲಿ ಈತನಿಗೆ ಗಣಕ ವಿಜ್ಞಾನದ ಶ್ರೇಷ್ಠ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ದಾಖಲೆಗಳು ಯಂತ್ರದಲ್ಲಿ ಎಲ್ಲಿ, ಯಾವ ಕ್ರಮದಲ್ಲಿ ಕುಳಿತಿವೆ ಎಂಬುದನ್ನು ಅರಿಯುವ ಹೊರೆ ಅವುಗಳನ್ನು ಬಳಸುವವನ ಮೇಲೆ ಬೀಳಬಾರದು ಎಂಬುದು ಆತನ ಮುಖ್ಯ ವಿಚಾರ. ಬಳಸುವವನು ತನಗೆ ಏನು ಬೇಕೆಂದು ಹೇಳಿದರೆ ಸಾಕು. ಹುಡುಕಿ ತರುವ ಬಗೆಯನ್ನು ಯಂತ್ರವೇ ನಿರ್ಧರಿಸಬೇಕು. ಆದುದರಿಂದ ತತ್ವದ ದೃಷ್ಟಿಯಲ್ಲಿ ಕೋಷ್ಟಕದ ಸಾಲುಗಳಿಗೆ ಯಾವ ಕ್ರಮವೂ ಇಲ್ಲ. ಮೊದಲನೆಯ ಸಾಲು, ಕೊನೆಯ ಸಾಲು ಎಂಬ ಮಾತಿಗೇ ಅರ್ಥವಿಲ್ಲ.

ತತ್ವಕ್ಕೆ ಕ್ರಮ ಬೇಕಿಲ್ಲದಿದ್ದರೂ ತಟ್ಟೆಯ ಮೇಲೆ ಬರೆಯುವಾಗ ಪ್ರತಿಯೊಂದು ಸಾಲನ್ನೂ ಎಲ್ಲಾದರೊಂದು ಕಡೆ ಇಡಲೇಬೇಕು. ಬಳಸುವವನ ಕಣ್ಣಿಗೆ ಕಾಣದ ಈ ಇಡುವಿಕೆಯನ್ನು ನೋಡಿಕೊಳ್ಳುವ ಹೊಣೆ ಯಾರಾದರೊಬ್ಬರ ಮೇಲೆ ಬಿದ್ದೇ ಬೀಳುತ್ತದೆ. ಕಾಡ್‌ನ ತತ್ವ ಬಳಸುವವನನ್ನು ಆ ಚಿಂತೆಯಿಂದ ಬಿಡಿಸಿತೇ ಹೊರತು ಸಂಸ್ಥೆಯನ್ನು ಬಿಡಿಸಲಿಲ್ಲ. ನಮ್ಮ ಎಡವಟ್ಟುಗಳೆಲ್ಲ ಇಲ್ಲಿಂದ ಆರಂಭವಾಗುತ್ತವೆ.

ವಿಷಯ ಸ್ಪಷ್ಟವಾಗಲೆಂದು ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ಎಂಬ ಒಂದೇ ವ್ಯವಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದರಲ್ಲಿ ದಾಖಲೆಗಳು ಪುಟಗಳಲ್ಲಿ ಇರುತ್ತವೆ. 1998ರಲ್ಲಿ ಹೊರಬಂದ ಏಳನೆಯ ಆವೃತ್ತಿಯಿಂದ ಈಚೆಗೆ ಒಂದು ಪುಟದ ಅಳತೆ 8 ಕಿಲೋಬೈಟ್, ಅಂದರೆ 8192 ಬೈಟ್. ಅದರಲ್ಲಿ 96 ಬೈಟ್ ಪುಟದ ತಲೆಬರಹಕ್ಕೆ ಹೋಗುತ್ತದೆ. ಉಳಿದ 8096 ಬೈಟ್‌ಗಳಲ್ಲಿ ಸಾಲುಗಳೂ, ಅವು ಪುಟದಲ್ಲಿ ಎಲ್ಲಿವೆಯೆಂದು ತೋರಿಸುವ ಸಣ್ಣ ಪಟ್ಟಿಯೂ ಇರಬೇಕು. ಯಂತ್ರವು ಒಂದೇ ಒಂದು ಸಾಲು ಬೇಕಾದಾಗಲೂ ಆ ಸಾಲಿರುವ ಇಡೀ ಪುಟವನ್ನೇ ನೆನಪಿನ ಕೋಶಕ್ಕೆ ತರುತ್ತದೆ. ಹೀಗಾಗಿ ಒಂದು ಕೆಲಸಕ್ಕೆ ಎಷ್ಟು ಪುಟಗಳನ್ನು ಓದಬೇಕಾಯಿತು ಎಂಬುದೇ ಆ ಕೆಲಸದ ವೆಚ್ಚದ ನಿಜವಾದ ಅಳತೆ.

ಒಂದು ಲೆಕ್ಕವನ್ನು ಮಾಡಿ ಇಟ್ಟುಕೊಳ್ಳೋಣ. ಮುಂದೆ ಇದೇ ಲೆಕ್ಕಕ್ಕೆ ಮರಳಿ ಬರುತ್ತೇವೆ. ಒಂದು ರಸೀದಿಯ ಸಾಲು ಎಲ್ಲ ಸೇರಿ 200 ಬೈಟ್ ಎಂದು ಭಾವಿಸಿದರೆ ಒಂದು ಪುಟದಲ್ಲಿ 40 ಸಾಲುಗಳು ಹಿಡಿಯುತ್ತವೆ. ಎಂಟು ಲಕ್ಷ ರಸೀದಿಗಳಿಗೆ 20,000 ಪುಟಗಳು, ಎಂದರೆ ಸುಮಾರು 156 ಮೆಗಾಬೈಟ್ ಬೇಕು.

2. ರಾಶಿ

ಕೋಷ್ಟಕಕ್ಕೆ ಯಾವ ಕ್ರಮವನ್ನೂ ವಿಧಿಸದೆ ಬಿಟ್ಟರೆ ಸಾಲುಗಳು ಜಾಗ ಸಿಕ್ಕಲ್ಲಿ ಹೋಗಿ ಕೂರುತ್ತವೆ. ಇಂತಹ ಕೋಷ್ಟಕವನ್ನು ಇಂಗ್ಲಿಷಿನಲ್ಲಿ ಹೀಪ್ ಎನ್ನುತ್ತಾರೆ. ಕಣದಲ್ಲಿ ಸುರಿದ ಜೋಳದ ರಾಶಿಯನ್ನು ಕಂಡವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಪುಟದಲ್ಲಿ ಎಷ್ಟು ಖಾಲಿ ಜಾಗವಿದೆ ಎಂಬುದನ್ನು ಗುರುತು ಹಾಕಿಡುವ ಕೆಲವು ವಿಶೇಷ ಪುಟಗಳಿವೆ. ಈ ಕೋಷ್ಟಕಕ್ಕೆ ಸೇರಿದ ಪುಟಗಳು ಎಲ್ಲೆಲ್ಲಿವೆ ಎಂಬುದನ್ನು ತೋರಿಸುವ ನಕ್ಷೆಯ ಪುಟಗಳೂ ಇವೆ. ಇವೆರಡರ ನೆರವಿನಿಂದ ರಾಶಿಗೆ ಹೊಸ ಸಾಲನ್ನು ಸೇರಿಸುವುದು ಬಲು ಸುಲಭ.

ತೆಗೆಯುವುದು ಮಾತ್ರ ಸುಲಭವಲ್ಲ. ರಾಶಿಗೆ ಯಾವ ಸೂಚಿಯೂ ಇಲ್ಲದಿದ್ದರೆ, ಒಬ್ಬ ವಿದ್ಯಾರ್ಥಿಯ ರಸೀದಿಯನ್ನು ಕೇಳಿದಾಗ 20,000 ಪುಟಗಳನ್ನೂ ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಬೇಕಾದ ರಸೀದಿ ಹತ್ತನೆಯ ಪುಟದಲ್ಲಿಯೇ ಸಿಕ್ಕಿದರೂ ಅದೇ ವಿದ್ಯಾರ್ಥಿಯ ಮತ್ತೊಂದು ರಸೀದಿ ಮುಂದೆಲ್ಲಿಯೂ ಇಲ್ಲವೆಂದು ಹೇಳಲು ಯಂತ್ರಕ್ಕೆ ಆಧಾರವಿಲ್ಲ.

ರಾಶಿಗೆ ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು, ಸಾಲು ಬೆಳೆದಾಗ ಆಗುವುದು. ರಸೀದಿಯನ್ನು ಬರೆಯುವಾಗ ಷರಾ ಎಂಬ ಅಂಕಣವನ್ನು ಖಾಲಿ ಬಿಟ್ಟು, ತಿಂಗಳ ಮೇಲೆ ಅದರಲ್ಲಿ ಉದ್ದನೆಯ ಟಿಪ್ಪಣಿಯನ್ನು ತುಂಬಿದರೆ ಸಾಲು ಹಿಗ್ಗುತ್ತದೆ. ಪುಟದಲ್ಲಿ ಜಾಗ ಸಾಲದಿದ್ದರೆ ಅದು ಬೇರೊಂದು ಪುಟಕ್ಕೆ ಹೋಗುತ್ತದೆ. ಮನೆ ಬಿಟ್ಟವರು ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿಯನ್ನು ಅಂಟಿಸಿ ಹೋಗುವಂತೆ ಮೊದಲಿದ್ದ ಜಾಗದಲ್ಲಿ ಒಂದು ಗುರುತನ್ನು ಬಿಡುತ್ತದೆ. ಆ ಸಾಲನ್ನು ಓದುವಾಗಲೆಲ್ಲ ಮೊದಲು ಹಳೆಯ ಮನೆಗೆ, ಅಲ್ಲಿಂದ ಹೊಸ ಮನೆಗೆ ಎಂದು ಎರಡು ಸಲ ನಡೆಯಬೇಕು. ಇಂತಹ ಚೀಟಿಗಳು ಸಾವಿರಗಟ್ಟಲೆ ಆದರೆ ಓಡಾಟವೂ ಅಷ್ಟೇ ಹೆಚ್ಚುತ್ತದೆ.

ಎರಡನೆಯದು, ಸಾಲುಗಳನ್ನು ಅಳಿಸಿದಾಗ ಆಗುವುದು. ಹಳೆಯ ರಸೀದಿಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟು ಕೋಷ್ಟಕದಿಂದ ಅಳಿಸಿದರೆ ಕೋಷ್ಟಕ ಹಗುರವಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಡೀ ಕೋಷ್ಟಕಕ್ಕೆ ಬೀಗ ಹಾಕದೆ ಅಳಿಸಿದಾಗ, ರಾಶಿಯ ಬರಿದಾದ ಪುಟಗಳು ಸಾಮಾನ್ಯವಾಗಿ ರಾಶಿಯ ಹೆಸರಿನಲ್ಲಿಯೇ ಉಳಿಯುತ್ತವೆ. ಕಾಳು ಹೋಗಿ ಚೀಲ ಉಳಿದಂತೆ. ಮುಂದಿನ ಹುಡುಕಾಟದಲ್ಲಿ ಯಂತ್ರವು ಬರಿಯ ಚೀಲಗಳನ್ನೂ ಬಿಚ್ಚಿ ನೋಡುತ್ತದೆ.

ಹಾಗೆಂದು ರಾಶಿ ಎಂಬುದೇ ತಪ್ಪೆಂದು ತಿಳಿಯಬಾರದು. ಹೊರಗಿನಿಂದ ಬಂದ ದತ್ತಾಂಶವನ್ನು ಒಮ್ಮೆಲೇ ಸುರಿದು, ಪೂರ್ತಿಯಾಗಿ ಒಮ್ಮೆ ಓದಿ, ಆಮೇಲೆ ಬರಿದು ಮಾಡುವ ತಾತ್ಕಾಲಿಕ ಕೋಷ್ಟಕಕ್ಕೆ ರಾಶಿಯೇ ಯೋಗ್ಯ. ಹತ್ತಿಪ್ಪತ್ತು ಸಾಲುಗಳ ಪುಟ್ಟ ಕೋಷ್ಟಕಕ್ಕೂ ಅದರಿಂದ ತೊಂದರೆಯಿಲ್ಲ. ಕಣದಲ್ಲಿ ರಾಶಿ ಇರುವುದು ತಪ್ಪಲ್ಲ. ವರ್ಷವಿಡೀ ಅದನ್ನು ಕಣದಲ್ಲಿಯೇ ಬಿಟ್ಟು ದಿನವೂ ಅಲ್ಲಿಂದ ಸೇರು ಸೇರಾಗಿ ಅಳೆಯುವುದು ತಪ್ಪು.

3. ಅನುಕ್ರಮ

ಎರಡನೆಯ ಬಗೆಯ ಜೋಡಣೆಗೆ ಕ್ಲಸ್ಟರ್ಡ್ ಇಂಡೆಕ್ಸ್ ಎಂದು ಹೆಸರು. ಇದನ್ನು ಅನುಕ್ರಮ ಸೂಚಿ ಎಂದು ಕರೆಯೋಣ. ಸೂಚಿ ಎಂದೊಡನೆ ಗ್ರಂಥದ ಕೊನೆಯಲ್ಲಿ ಅಚ್ಚಾಗುವ ಪದಸೂಚಿ ನೆನಪಾಗುತ್ತದೆ. ಅಲ್ಲಿ ಸೂಚಿ ಬೇರೆ, ಗ್ರಂಥ ಬೇರೆ. ಅನುಕ್ರಮ ಸೂಚಿ ಹಾಗಲ್ಲ, ಅದು ನಿಘಂಟಿನಂತೆ. ನಿಘಂಟಿನಲ್ಲಿ ಪದವನ್ನು ಹುಡುಕಿಕೊಂಡು ಹೋದಾಗ ಸಿಗುವುದು ಪುಟದ ಸಂಖ್ಯೆಯಲ್ಲ, ಅರ್ಥವೇ. ಹಾಗೆಯೇ ಅನುಕ್ರಮ ಸೂಚಿಯ ಕೊನೆಯ ಮೆಟ್ಟಿಲನ್ನು ತಲುಪಿದಾಗ ಸಿಗುವುದು ದಾಖಲೆಯ ವಿಳಾಸವಲ್ಲ, ಪೂರ್ತಿ ದಾಖಲೆಯೇ. ಒಂದೇ ನಿಘಂಟಿನ ಪ್ರತಿಯನ್ನು ಅಕಾರಾದಿಯಾಗಿಯೂ ವಿಷಯಾನುಸಾರವಾಗಿಯೂ ಕಟ್ಟಲು ಬಾರದಂತೆ, ಒಂದು ಕೋಷ್ಟಕಕ್ಕೆ ಒಂದೇ ಅನುಕ್ರಮ ಸೂಚಿ ಇರಬಲ್ಲದು. ಪದಸೂಚಿಯಂತಹ ಪ್ರತ್ಯೇಕ ಸೂಚಿಗಳನ್ನಾದರೆ ಹಲವನ್ನು ಇಟ್ಟುಕೊಳ್ಳಬಹುದು.

ಈ ಸೂಚಿಯ ಆಕೃತಿಯನ್ನು ರೂಪಿಸಿದವರು ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಕಂಡುಕೊಂಡು 1972ರಲ್ಲಿ ಪ್ರಕಟಿಸಿದ ಈ ರಚನೆ ಬಿ-ಟ್ರೀ ಎಂದು ಪ್ರಸಿದ್ಧವಾಗಿದೆ. ಇದು ತಲೆಕೆಳಗಾಗಿ ನಿಂತ ಮರ. ಮೇಲೆ ಬೇರಿನ ಪುಟವೊಂದು. ಅದರಲ್ಲಿ ಇಂತಿಷ್ಟರಿಂದ ಇಂತಿಷ್ಟರವರೆಗಿನ ಸಂಖ್ಯೆಗಳಿಗೆ ಈ ಪುಟಕ್ಕೆ ಹೋಗು ಎಂಬ ನಿರ್ದೇಶನಗಳು. ಕೆಳಗೆ ನಡುವಿನ ಪುಟಗಳು. ಎಲ್ಲಕ್ಕಿಂತ ಕೆಳಗೆ ಎಲೆಯ ಪುಟಗಳು. ನಾಲ್ಕು ಬೈಟ್‌ಗಳ ಪೂರ್ಣಾಂಕವನ್ನು ಕೀಲಿಯಾಗಿ ಇಟ್ಟರೆ ನಿರ್ದೇಶನದ ಒಂದು ಪುಟದಲ್ಲಿ ಸುಮಾರು 600 ನಿರ್ದೇಶನಗಳು ಹಿಡಿಯುತ್ತವೆ. ನಮ್ಮ 20,000 ಎಲೆಪುಟಗಳಿಗೆ ನಡುವಿನ ಪುಟಗಳು ಮೂವತ್ತೈದರ ಆಸುಪಾಸು, ಬೇರಿನ ಪುಟ ಒಂದು. ಬೇರಿನಿಂದ ನಡುವಿಗೆ, ನಡುವಿನಿಂದ ಎಲೆಗೆ ಇಳಿದರೆ ಎಂಟು ಲಕ್ಷದಲ್ಲಿ ಬೇಕಾದ ರಸೀದಿ ಸಿಕ್ಕಿತು. ರಾಶಿಯಲ್ಲಿ 20,000 ಪುಟಗಳನ್ನು ಓದಿಸಿದ ಪ್ರಶ್ನೆಗೆ ಇಲ್ಲಿ ಮೂರು ಪುಟಗಳು ಸಾಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕಾಗಿದೆ. ಅನುಕ್ರಮ ಸೂಚಿ ಇದ್ದರೆ ಸಾಲುಗಳು ಪುಟದೊಳಗೆ ಒಂದರ ಪಕ್ಕದಲ್ಲೊಂದು ಸಂಖ್ಯಾಕ್ರಮದಲ್ಲಿಯೇ ಇರುತ್ತವೆ ಎಂದು ಹಲವರು ಬರೆಯುತ್ತಾರೆ. ವಾಸ್ತವದಲ್ಲಿ ಸಾಲುಗಳು ಪುಟದೊಳಗೆ ಎಲ್ಲಿಯಾದರೂ ಇರಬಹುದು. ಪುಟದ ಕೊನೆಯಲ್ಲಿರುವ ಸಣ್ಣ ಪಟ್ಟಿ ಅವುಗಳ ಕ್ರಮವನ್ನು ಕಾಯುತ್ತದೆ. ಎರಡನೆಯದಾಗಿ, ಅನುಕ್ರಮ ಸೂಚಿ ಇರುವುದರಿಂದ ಉತ್ತರವೂ ಆ ಕ್ರಮದಲ್ಲಿಯೇ ಬರುತ್ತದೆ ಎಂದು ನಂಬಿ ನಡೆಯಬಾರದು. ಪಟ್ಟಿ ಸಂಖ್ಯಾಕ್ರಮದಲ್ಲಿ ಬೇಕಿದ್ದರೆ ಪ್ರಶ್ನೆಯಲ್ಲಿಯೇ ಹಾಗೆಂದು ಕೇಳಬೇಕು. ಕೇಳದೆ ದೊರೆತ ಕ್ರಮ ನಾಳೆ ತಪ್ಪಿಹೋದರೆ ಯಂತ್ರವನ್ನು ದೂರಲಾಗದು.

ಯಾವುದನ್ನು ಕೀಲಿಯಾಗಿ ಆರಿಸಬೇಕು? ಬಹುತೇಕ ಕೋಷ್ಟಕಗಳಿಗೆ ಒಪ್ಪುವ ನಾಲ್ಕು ಲಕ್ಷಣಗಳನ್ನು ಹೇಳಬಹುದು: ಅದು ಚಿಕ್ಕದಾಗಿರಬೇಕು, ಪ್ರತಿ ಸಾಲಿಗೂ ಬೇರೆಬೇರೆಯಾಗಿರಬೇಕು, ಒಮ್ಮೆ ಕೊಟ್ಟ ಮೇಲೆ ಬದಲಾಗಬಾರದು, ಹೊಸದು ಬಂದಂತೆ ಏರುತ್ತಲೇ ಹೋಗಬೇಕು. ಚಿಕ್ಕದಾಗಿರಬೇಕೇಕೆಂದರೆ, ಪ್ರತ್ಯೇಕ ಸೂಚಿಗಳೆಲ್ಲವೂ ದಾಖಲೆಯ ವಿಳಾಸವಾಗಿ ಈ ಕೀಲಿಯನ್ನೇ ಬರೆದುಕೊಳ್ಳುತ್ತವೆ. ಕೀಲಿ ದೊಡ್ಡದಾದರೆ ಸೂಚಿಗಳೆಲ್ಲವೂ ಊದುತ್ತವೆ. ಬೇರೆಬೇರೆಯಾಗಿರದಿದ್ದರೆ ಎಸ್‌ಕ್ಯೂಎಲ್ ಸರ್ವರ್ ತಾನೇ ನಾಲ್ಕು ಬೈಟ್‌ಗಳ ಒಂದು ಗುರುತನ್ನು ಮರುಕಳಿಸಿದ ಸಾಲುಗಳಿಗೆ ಹಚ್ಚಿ ಪ್ರತ್ಯೇಕಿಸುತ್ತದೆ. ಈ ನಾಲ್ಕು ಲಕ್ಷಣಗಳನ್ನು ಮತ್ತೊಮ್ಮೆ ಓದಿದರೆ, ದಾಖಲಾತಿ ಸಂಖ್ಯೆ ಇವೆಲ್ಲಕ್ಕೂ ಒಪ್ಪುವುದು ಕಾಣುತ್ತದೆ. ಹೆಸರಿನ ಬದಲು ಸಂಖ್ಯೆಯ ಕ್ರಮದಲ್ಲಿ ವಹಿಯನ್ನು ಇಟ್ಟ ಹಿರಿಯರು ಗಣಕವನ್ನು ಕಂಡವರಲ್ಲ. ನಡುವೆ ಹೆಸರನ್ನು ತೂರಿಸಲು ವಹಿಯಲ್ಲಿ ಜಾಗವಿರುವುದಿಲ್ಲ ಎಂಬುದನ್ನು ಮಾತ್ರ ಬಲ್ಲವರಾಗಿದ್ದರು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸಂಖ್ಯೆಯನ್ನು ಗಣಕದಲ್ಲಿ ಸಂಖ್ಯೆಯಾಗಿಯೇ ಇಡಬೇಕು. ಅಕ್ಷರಗಳ ಸಾಲಾಗಿ ಇಟ್ಟರೆ ಸಾಮಾನ್ಯವಾಗಿ 1, 10, 100, 2 ಎಂಬ ಕ್ರಮ ಬರುತ್ತದೆ. ಏರುವ ಕೀಲಿಯೆಂದು ನಾವು ತಿಳಿದದ್ದು ಏರುವ ಕೀಲಿಯಾಗಿ ಉಳಿಯುವುದಿಲ್ಲ.

4. ಪುಟ ಒಡೆಯುವ ಬಗೆ

ಏರುವ ಕೀಲಿ ಏಕೆ ಬೇಕೆಂಬುದನ್ನು ತರಗತಿಯಲ್ಲಿಯೇ ತೋರಿಸಬಹುದು. ಅಧ್ಯಾಪಕರು ಮೂರು ಹಾಳೆಗಳನ್ನು ತೆಗೆದುಕೊಂಡು ಅವುಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಡಲಿ. ಒಂದು ಹಾಳೆಯಲ್ಲಿ ನಾಲ್ಕು ಚೀಟಿಗಳಿಗೆ ಮಾತ್ರ ಜಾಗವಿದೆ ಎಂಬುದು ನಿಯಮ. ಮೊದಲನೆಯ ಹಾಳೆಯಲ್ಲಿ 10, 20, 30, 40 ಎಂಬ ಚೀಟಿಗಳನ್ನೂ ಎರಡನೆಯದರಲ್ಲಿ 50, 60, 70, 80 ಎಂಬ ಚೀಟಿಗಳನ್ನೂ ಇಟ್ಟಿದ್ದೇವೆ. ಈಗ 90 ಬಂದರೆ ಕೆಲಸ ಸುಲಭ; ಮೂರನೆಯ ಹಾಳೆಯನ್ನು ತೆರೆದು ಅಲ್ಲಿ ಇಟ್ಟರಾಯಿತು. ಹಳೆಯ ಚೀಟಿಗಳನ್ನು ಮುಟ್ಟಬೇಕಾಗಿಲ್ಲ.

90ರ ಬದಲು 25 ಬಂದರೆ? ಅದರ ಜಾಗ ಮೊದಲನೆಯ ಹಾಳೆಯಲ್ಲಿ. ಆ ಹಾಳೆ ತುಂಬಿದೆ. ಆಗ ಮೂರನೆಯ ಹಾಳೆಯನ್ನು ತೆರೆದು, ಮೊದಲನೆಯದರ ಅರ್ಧವನ್ನು, ಎಂದರೆ 30 ಮತ್ತು 40ನ್ನು, ಅಲ್ಲಿಗೆ ಸಾಗಿಸಿ, 25ನ್ನು ಮೊದಲನೆಯದರಲ್ಲಿ ಇಡಬೇಕು. ಇದಕ್ಕೆ ಪುಟ ಒಡೆಯುವುದು ಎಂದು ಹೆಸರು. ಪ್ರತಿ ಹಾಳೆಯ ಮೇಲೂ ಹಿಂದಿನದು ಯಾವುದು, ಮುಂದಿನದು ಯಾವುದು ಎಂದು ಬರೆದಿರುವುದರಿಂದ ಕ್ರಮವೇನೋ ತಪ್ಪುವುದಿಲ್ಲ. ಆದರೆ ಈಗ ಕ್ರಮವಾಗಿ ಓದಬೇಕಾದರೆ ಮೊದಲನೆಯ ಹಾಳೆಯಿಂದ ಮೂರನೆಯದಕ್ಕೆ ಹಾರಿ, ಅಲ್ಲಿಂದ ಎರಡನೆಯದಕ್ಕೆ ಹಿಂದಿರುಗಬೇಕು. ಮೊದಲನೆಯದರಲ್ಲಿ ಒಂದು ಜಾಗ, ಮೂರನೆಯದರಲ್ಲಿ ಎರಡು ಜಾಗ ಖಾಲಿ ಉಳಿದಿವೆ.

ಒಂದೇ ಒಂದು ಚೀಟಿ ಮಾಡಿದ ಕೆಲಸವಿದು. ಹೆಸರನ್ನೋ, ಯಾದೃಚ್ಛಿಕವಾಗಿ ಹುಟ್ಟಿಸಿದ 16 ಬೈಟ್‌ಗಳ ಗುರುತನ್ನೋ ಕೀಲಿಯಾಗಿ ಇಟ್ಟರೆ ಬಂದ ಚೀಟಿಗಳೆಲ್ಲವೂ 25ರಂತೆ ನಡುವೆಯೇ ನುಗ್ಗುತ್ತವೆ. ಕೀಲಿ ಏರುತ್ತಲೇ ಇದ್ದರೂ, ತುಂಬಿದ ಪುಟದಲ್ಲಿರುವ ಸಾಲೊಂದು ಷರಾ ತುಂಬಿಸಿಕೊಂಡು ಹಿಗ್ಗಿದರೆ ಅಲ್ಲಿಯೂ ಪುಟ ಒಡೆಯುತ್ತದೆ. ಆದುದರಿಂದ ಕ್ರಮವನ್ನು ಒಮ್ಮೆ ಸ್ಥಾಪಿಸಿದರೆ ಸಾಲದು, ಅದನ್ನು ಕಾಪಾಡಿಕೊಂಡೂ ಬರಬೇಕು.

5. ಎರಡು ಬಗೆಯ ಛಿದ್ರತೆ

ಮೇಲಿನ ಹಾಳೆಗಳಲ್ಲಿ ಕಂಡ ಎರಡು ದೋಷಗಳಿಗೆ ಶಾಸ್ತ್ರದಲ್ಲಿ ಫ್ರಾಗ್ಮೆಂಟೇಷನ್ ಎಂಬ ಒಂದೇ ಹೆಸರಿರುವುದರಿಂದ ಗೊಂದಲವಾಗುತ್ತದೆ. ಹಾಳೆಯೊಳಗೆ ಜಾಗ ಖಾಲಿ ಉಳಿಯುವುದು ಒಳಗಿನ ಛಿದ್ರತೆ. ಹಾಳೆಗಳ ಕ್ರಮವೂ ಅವು ಇರುವ ಸ್ಥಳಗಳ ಕ್ರಮವೂ ಬೇರೆಯಾಗುವುದು ಹೊರಗಿನ ಛಿದ್ರತೆ. ಇವೆರಡರ ಪರಿಣಾಮಗಳು ಒಂದೇ ಅಲ್ಲ.

ಹೊರಗಿನ ಛಿದ್ರತೆಯ ಭಯ ಹುಟ್ಟಿದ್ದು ತಿರುಗುವ ತಟ್ಟೆಗಳ ಕಾಲದಲ್ಲಿ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತನ್ನು ಮುಗಿಸಲು ಸುಮಾರು 8.3 ಮಿಲಿಸೆಕೆಂಡು ಬೇಕು. ಓದುವ ಕೈ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಮತ್ತಷ್ಟು ಸಮಯ. ಪುಟಗಳು ಸಾಲಾಗಿದ್ದರೆ ಒಂದೇ ಓಟದಲ್ಲಿ ಓದಬಹುದಾಗಿದ್ದುದನ್ನು, ಚೆದರಿ ಹೋಗಿದ್ದರೆ ಸಾವಿರ ನೆಗೆತಗಳಲ್ಲಿ ಓದಬೇಕಾಗುತ್ತಿತ್ತು. ಇಂದಿನ ಎಸ್‌ಎಸ್‌ಡಿ ಸಂಗ್ರಾಹಕಗಳಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. ಆದುದರಿಂದ ಈ ದೋಷದ ತೀವ್ರತೆ ಬಹಳ ಕಡಿಮೆಯಾಗಿದೆ. ಒಂದೇ ದಾಖಲೆಯನ್ನು ಕೀಲಿಯಿಂದ ಹುಡುಕುವ ಕೆಲಸಕ್ಕಂತೂ ಇದರಿಂದ ಅಂದೂ ಹೆಚ್ಚಿನ ಬಾಧೆ ಇರಲಿಲ್ಲ. ದೊಡ್ಡ ಭಾಗವನ್ನು ಕ್ರಮವಾಗಿ ಓದುವ ಕೆಲಸಗಳಿಗೆ ಮಾತ್ರ ಇತ್ತು.

ಒಳಗಿನ ಛಿದ್ರತೆ ಹಾಗಲ್ಲ. ಅದು ಇಂದಿಗೂ ಹಾನಿಕರವೇ. ಯಾದೃಚ್ಛಿಕ ಕೀಲಿಗಳು ಬಹುಕಾಲ ಬಂದು ಸೇರುತ್ತಿದ್ದರೆ ಬಿ-ಟ್ರೀಯ ಪುಟಗಳು ಸರಾಸರಿಯಲ್ಲಿ ನೂರಕ್ಕೆ ಸುಮಾರು 69ರಷ್ಟು ಮಾತ್ರ ತುಂಬಿರುತ್ತವೆ ಎಂಬುದು ಗಣಿತದಿಂದ ಸಿದ್ಧವಾಗಿದೆ. ನಮ್ಮ ಲೆಕ್ಕದ 20,000 ಪುಟಗಳು ಆಗ ಸುಮಾರು 29,000 ಆಗುತ್ತವೆ. ಹೆಚ್ಚಿನ 9,000 ಪುಟಗಳು ತಟ್ಟೆಯಲ್ಲಿ ಮಾತ್ರವಲ್ಲ, ದುಬಾರಿಯಾದ ನೆನಪಿನ ಕೋಶದಲ್ಲಿಯೂ ಜಾಗವನ್ನು ಹಿಡಿಯುತ್ತವೆ. ನಕಲು ತೆಗೆದಿಡುವ ಹೊತ್ತನ್ನೂ ಹೆಚ್ಚಿಸುತ್ತವೆ. ಅರ್ಧ ತುಂಬಿದ ಚೀಲಗಳನ್ನು ಪೂರ್ತಿ ಬಾಡಿಗೆ ಕೊಟ್ಟು ಸಾಗಿಸಿದಂತೆ.

6. ಅಳತೆ ಮತ್ತು ಪರಿಹಾರ

ಯಾವ ಚಿಕಿತ್ಸೆಗೂ ಮೊದಲು ಪರೀಕ್ಷೆ. ಎಸ್‌ಕ್ಯೂಎಲ್ ಸರ್ವರ್‌ನ 2005ರ ಆವೃತ್ತಿಯಿಂದ ಈಚೆಗೆ ಕೋಷ್ಟಕದ ಒಳಸ್ಥಿತಿಯನ್ನು ಅಂಕಿಗಳಲ್ಲಿ ತೋರಿಸುವ ಸಾಧನವೊಂದು ಅದರೊಳಗೇ ಇದೆ. ನೋಡಬೇಕಾದವು ಮುಖ್ಯವಾಗಿ ಮೂರು: ಪುಟಗಳು ನೂರಕ್ಕೆ ಎಷ್ಟರಮಟ್ಟಿಗೆ ತುಂಬಿವೆ, ಪುಟಗಳ ಕ್ರಮ ನೂರಕ್ಕೆ ಎಷ್ಟು ಕೆಟ್ಟಿದೆ, ರಾಶಿಯಾಗಿದ್ದರೆ ಎಷ್ಟು ಸಾಲುಗಳು ಮನೆ ಬದಲಾಯಿಸಿವೆ.

ಪರಿಹಾರಗಳಲ್ಲಿ ಮೊದಲನೆಯದು ಮರುಜೋಡಣೆ: ಇರುವ ಪುಟಗಳಲ್ಲಿಯೇ ಸಾಲುಗಳನ್ನು ಒತ್ತಾಗಿಸಿ ಎಲೆಪುಟಗಳ ಕ್ರಮವನ್ನು ಸರಿಪಡಿಸುವುದು. ಕೆಲಸ ನಿಧಾನ, ಆದರೆ ನಡುವೆ ನಿಲ್ಲಿಸಿದರೂ ಮಾಡಿದಷ್ಟು ವ್ಯರ್ಥವಾಗುವುದಿಲ್ಲ. ಎರಡನೆಯದು ಮರುನಿರ್ಮಾಣ: ಸೂಚಿಯನ್ನು ಹೊಸದಾಗಿಯೇ ಕಟ್ಟುವುದು. ರಾಶಿಯನ್ನು ಮರುನಿರ್ಮಿಸುವ ಆಜ್ಞೆ 2008ರ ಆವೃತ್ತಿಯಲ್ಲಿ ಬಂದಿತು. ಮೂರನೆಯದು ಮುಂಜಾಗ್ರತೆ: ಸೂಚಿಯನ್ನು ಕಟ್ಟುವಾಗಲೇ ಪ್ರತಿ ಎಲೆಪುಟದಲ್ಲಿ ಸ್ವಲ್ಪ ಜಾಗವನ್ನು ಬಿಟ್ಟು ಕಟ್ಟುವುದು. ನಡುವೆ ನುಗ್ಗುವ ಸಾಲುಗಳಿಗೆ ಆ ಜಾಗ ದಕ್ಕುತ್ತದೆ. ಆದರೆ ಬಿಟ್ಟ ಜಾಗವೂ ಖಾಲಿ ಜಾಗವೇ ಆದುದರಿಂದ, ಏರುವ ಕೀಲಿಯಿದ್ದು ಸಾಲುಗಳು ಹಿಗ್ಗದಿರುವ ಕೋಷ್ಟಕದಲ್ಲಿ ಹಾಗೆ ಬಿಡುವುದು ನಷ್ಟಕ್ಕೆ ದಾರಿ.

ಕ್ರಮ ನೂರಕ್ಕೆ 5ಕ್ಕಿಂತ ಕಡಿಮೆ ಕೆಟ್ಟಿದ್ದರೆ ಸುಮ್ಮನಿರಿ, 5ರಿಂದ 30ರವರೆಗೆ ಮರುಜೋಡಣೆ ಮಾಡಿ, 30 ಮೀರಿದರೆ ಮರುನಿರ್ಮಿಸಿ ಎಂಬ ಸೂತ್ರ ಬಹುಕಾಲ ತಯಾರಕರ ಕೈಪಿಡಿಯಲ್ಲಿಯೇ ಇತ್ತು. ಇದನ್ನು ಹಲವರು ಶಾಸನವೆಂಬಂತೆ ಪಾಲಿಸುತ್ತ ಪ್ರತಿ ರಾತ್ರಿಯೂ ಎಲ್ಲ ಕೋಷ್ಟಕಗಳನ್ನೂ ಮರುನಿರ್ಮಿಸುತ್ತಾರೆ. ಅದು ಅನಾವಶ್ಯಕ. ಕೆಲವು ನೂರು ಪುಟಗಳ ಚಿಕ್ಕ ಕೋಷ್ಟಕಗಳಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ. ಮರುನಿರ್ಮಿಸಿದ ಮೇಲೆ ಕೆಲಸ ಚುರುಕಾಯಿತೆಂದು ಕಂಡರೂ ಎಷ್ಟೋ ಸಲ ಅದರ ಯಶಸ್ಸು ಸೂಚಿಯದಲ್ಲ. ಮರುನಿರ್ಮಾಣದ ಜೊತೆಗೆ ಆ ಸೂಚಿಯ ಅಂಕಿಅಂಶಗಳೂ ಹೊಸದಾಗುತ್ತವೆ. ಹುಡುಕುವ ದಾರಿಯನ್ನು ಯಂತ್ರವು ಆ ಅಂಕಿಅಂಶಗಳನ್ನು ನೋಡಿಯೇ ಆರಿಸುತ್ತದೆ. ಅಂಕಿಅಂಶಗಳನ್ನು ಮಾತ್ರ ಹೊಸದು ಮಾಡಿ ನೋಡುವುದು ಅಲ್ಪವೆಚ್ಚದ ಮಾರ್ಗ. ಮೊದಲು ಅದನ್ನು ಪರೀಕ್ಷಿಸುವುದು ವಿವೇಕ.

7. ಇತರ ವ್ಯವಸ್ಥೆಗಳು

ಮೇಲೆ ಹೇಳಿದುದನ್ನೆಲ್ಲ ಬೇರೆ ವ್ಯವಸ್ಥೆಗಳಿಗೆ ಹಾಗೆಯೇ ಅನ್ವಯಿಸಬಾರದು. ಮೈಎಸ್‌ಕ್ಯೂಎಲ್ ವ್ಯವಸ್ಥೆಯ ಇನ್ನೊಡಿಬಿ ಎಂಬ ಸಂಗ್ರಹ ವಿಧಾನದಲ್ಲಿ ರಾಶಿಗೆ ಎಡೆಯೇ ಇಲ್ಲ; ಕೋಷ್ಟಕವು ಸದಾ ಅನುಕ್ರಮ ಸೂಚಿಯ ರೂಪದಲ್ಲಿಯೇ ಇರುತ್ತದೆ, ಪುಟದ ಅಳತೆ ಸಾಮಾನ್ಯವಾಗಿ 16 ಕಿಲೋಬೈಟ್. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಕೋಷ್ಟಕಗಳು ಸಾಮಾನ್ಯವಾಗಿ ರಾಶಿಗಳೇ. ಅವುಗಳನ್ನು ಒಂದು ಸೂಚಿಯ ಕ್ರಮದಲ್ಲಿ ಜೋಡಿಸುವ ಆಜ್ಞೆಯಿದ್ದರೂ ಅದು ಒಮ್ಮೆ ಮಾತ್ರ ಜೋಡಿಸುತ್ತದೆ. ಆಮೇಲೆ ಬಂದ ಸಾಲುಗಳು ಆ ಕ್ರಮವನ್ನು ಪಾಲಿಸುವುದಿಲ್ಲ. ಒರಾಕಲ್‌ನಲ್ಲಿಯೂ ಬೇರೆ ಹೇಳದಿದ್ದರೆ ಕೋಷ್ಟಕ ರಾಶಿಯಾಗಿರುತ್ತದೆ. ಹೀಗಿರುವುದರಿಂದ ಒಂದು ವ್ಯವಸ್ಥೆಯ ಪರಿಹಾರವನ್ನು ಇನ್ನೊಂದಕ್ಕೆ ಹೊರಿಸುವ ಮೊದಲು ಅದರ ಜೋಡಣೆಯನ್ನು ತಿಳಿಯಬೇಕು.

ಉಪಸಂಹಾರ

ಮೊದಲಿಗೆ ಹೇಳಿದ ಸಂಸ್ಥೆಯ ಕತೆಯನ್ನು ಮುಗಿಸುತ್ತೇನೆ. ಅಲ್ಲಿನ ರಸೀದಿಗಳ ಕೋಷ್ಟಕ ರಾಶಿಯಾಗಿತ್ತು. ಅದಕ್ಕೆ ಒಂದೂ ಸೂಚಿ ಇರಲಿಲ್ಲ. ಪ್ರತಿ ವರ್ಷ ಹಳೆಯ ರಸೀದಿಗಳನ್ನು ಅಳಿಸುತ್ತಿದ್ದರು. ಪುಟಗಳು ಮಾತ್ರ ಉಳಿದುಕೊಂಡಿದ್ದವು. ಷರಾವನ್ನು ತಡವಾಗಿ ತುಂಬುವ ರೂಢಿಯಿಂದ ಸಹಸ್ರಾರು ಸಾಲುಗಳು ಮನೆ ಬದಲಾಯಿಸಿದ್ದವು. ಹೊಸ ಯಂತ್ರದ ನೆನಪಿನ ಕೋಶ ದೊಡ್ಡದಾಗಿದ್ದುದರಿಂದ ಇಡೀ ರಾಶಿ ಅದರೊಳಗೆ ಹಿಡಿದು, ಕೆಲವು ತಿಂಗಳು ದೋಷ ಮುಚ್ಚಿಹೋಯಿತು. ರಾಶಿ ಬೆಳೆದಾಗ ಮತ್ತೆ ಹೊರಬಿದ್ದಿತು. ರಸೀದಿ ಸಂಖ್ಯೆಯ ಮೇಲೆ ಅನುಕ್ರಮ ಸೂಚಿಯೊಂದನ್ನೂ, ವಿದ್ಯಾರ್ಥಿಯ ಸಂಖ್ಯೆಯ ಮೇಲೆ ಪ್ರತ್ಯೇಕ ಸೂಚಿಯೊಂದನ್ನೂ ಕಟ್ಟಿದೆವು. ಒಂದು ಸಂಜೆಯ ಕೆಲಸ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಳೆಯ ಯಂತ್ರದಲ್ಲಿಯೇ ಇದನ್ನು ಮಾಡಿದ್ದರೆ ಅದೇ ಸಾಕಾಗುತ್ತಿತ್ತು. ಆ ಹಣದಲ್ಲಿ ಪ್ರಯೋಗಾಲಯಕ್ಕೋ ಗ್ರಂಥಾಲಯಕ್ಕೋ ಏನಾದರೂ ಬರಬಹುದಾಗಿತ್ತೆಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆಡಳಿತ ಮಂಡಳಿಯವರ ಮುಂದೆ ಈ ಮಾತನ್ನು ಒಪ್ಪಿಕೊಂಡೆ. ಅವರು ದೊಡ್ಡ ಮನಸ್ಸಿನಿಂದ ಕೇಳಿದರು.

ಆದುದರಿಂದ ಶಾಲೆಗೆ ಹೊಸ ಗಣಕ ಬೇಕೆಂಬ ಮನವಿ ಬಂದಾಗ ದಾನಿಗಳು ಹಾಗೂ ವ್ಯವಸ್ಥಾಪಕರು ಸಂಕೋಚಪಡದೆ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ಬಿನ್ನಹ. ನಿಧಾನವಾಗಿರುವ ಕೋಷ್ಟಕ ಯಾವುದು? ಅದು ರಾಶಿಯೋ, ಅನುಕ್ರಮದಲ್ಲಿದೆಯೋ? ಅನುಕ್ರಮವಿದ್ದರೆ ಕೀಲಿ ಯಾವುದು? ನಾವು ದಿನವೂ ಕೇಳುವ ಪ್ರಶ್ನೆಗೆ ಹೊಂದುವ ಸೂಚಿ ಇದೆಯೇ? ಪುಟಗಳು ಎಷ್ಟು ತುಂಬಿವೆ? ಇವಕ್ಕೆ ಉತ್ತರ ದೊರೆತ ಮೇಲೆಯೂ ಯಂತ್ರ ಸಾಲದೆಂದು ಕಂಡರೆ ಕೊಳ್ಳುವುದು ನ್ಯಾಯವೇ. ಉತ್ತರ ದೊರೆಯುವ ಮೊದಲೇ ಕೊಳ್ಳುವುದು ಅಪವ್ಯಯ. ಗಣಕವನ್ನು ಬೋಧಿಸುವ ಅಧ್ಯಾಪಕರು ಮೂರು ಹಾಳೆ, ಹತ್ತು ಚೀಟಿಗಳ ಪಾಠವನ್ನು ಮಕ್ಕಳಿಗೆ ಒಮ್ಮೆ ಮಾಡಿ ತೋರಿಸಿದರೆ, ನಾಳೆ ಇಂತಹ ಹೊಣೆಯನ್ನು ಹೊರುವ ವಿದ್ಯಾರ್ಥಿ ನಾನು ಕೊಟ್ಟಂತಹ ಸಲಹೆಯನ್ನು ಕೊಡಲಾರನು. ಅಷ್ಟಾದರೆ ಈ ಲೇಖನದ ಶ್ರಮ ಸಾರ್ಥಕ.